ತಲೆಗಂದಾಯ ಕೊಡದ ಥೋರೋ

ಮಹಾಪುರುಷರೆಂದೊಡನೆ ನಮ್ಮ ಕಣ್ಣಮುಂದೆ ಸಿಂಹಾಸನವೋ ರಣರಂಗವೋ ಸುಳಿಯುವುದು ಸಹಜ. ನಾನಿಲ್ಲಿ ಹೇಳಹೊರಟಿರುವ ಮಹನೀಯನಾದರೋ ರಾಜ್ಯವನ್ನಾಳಲಿಲ್ಲ, ಯುದ್ಧವನ್ನು ಗೆಲ್ಲಲಿಲ್ಲ. ಸರಕಾರ ಕೇಳಿದ ಒಂದು ಸಣ್ಣ ತೆರಿಗೆಯನ್ನು ಕೊಡಲಿಲ್ಲ, ಅಷ್ಟೆ. ಆತನೇ ಅಮೆರಿಕದ ಹೆನ್ರಿ ಡೇವಿಡ್ ಥೋರೋ.

ಥೋರೋ 1817ರ ಜುಲೈ 12ರಂದು ಮ್ಯಾಸಚೂಸೆಟ್ಸ್ ಸಂಸ್ಥಾನದ ಕಾಂಕಾರ್ಡ್ ಎಂಬ ಊರಿನಲ್ಲಿ ಜನಿಸಿದನು. ತಂದೆಯದು ಪೆನ್ಸಿಲ್ ತಯಾರಿಸುವ ಕಸುಬು. 1837ರಲ್ಲಿ ಹಾರ್ವರ್ಡಿನ ವ್ಯಾಸಂಗ ಮುಗಿಸಿ ಊರ ಶಾಲೆಗೆ ಉಪಾಧ್ಯಾಯನಾದನು. ಹುಡುಗರನ್ನು ಹೊಡೆದು ಶಿಸ್ತು ಕಲಿಸಬೇಕೆಂಬ ಒತ್ತಾಯ ಬರಲು, ಕೆಲವೇ ವಾರಗಳಲ್ಲಿ ಆ ಕೆಲಸವನ್ನು ಬಿಟ್ಟನು. 1845ರ ಜುಲೈ 4ರಂದು, ತನ್ನ ನಾಡಿನ ಸ್ವಾತಂತ್ರ್ಯದಿನದಂದೇ, ವಾಲ್ಡನ್ ಕೊಳದ ದಡದಲ್ಲಿ ಮಿತ್ರ ಎಮರ್ಸನ್ನನ ಜಮೀನಿನಲ್ಲಿ ತಾನೇ ಕಟ್ಟಿದ ಗುಡಿಸಲನ್ನು ಸೇರಿ, ಎರಡು ವರ್ಷಕ್ಕೂ ಮಿಕ್ಕಿ ಅಲ್ಲಿ ವಾಸಿಸಿದನು. ಆ ಗುಡಿಸಲಿಗೆ ತಗುಲಿದ ವೆಚ್ಚ 28 ಡಾಲರಿಗೆ ತುಸು ಹೆಚ್ಚು.

ಆಗ ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಲಕ್ಷಾಂತರ ಜನರು ಗುಲಾಮರಾಗಿದ್ದರು. 1846ರಲ್ಲಿ ಮೆಕ್ಸಿಕೋ ದೇಶದೊಡನೆ ಯುದ್ಧ ಹೂಡಿದುದೂ ಗುಲಾಮಗಿರಿಗೆ ಹೊಸ ನೆಲ ದೊರಕಿಸಲೆಂದೇ ಎಂದು ಅನೇಕರು ಶಂಕಿಸಿದರು. ಇಂಥ ಸರಕಾರಕ್ಕೆ ತಾನು ತೆರುವ ಹಣ ಅನ್ಯಾಯಕ್ಕೆ ನೆರವಾಗುವುದೆಂದು ಬಗೆದ ಥೋರೋ ಕೆಲವು ವರ್ಷಗಳಿಂದ ತಲೆಗಂದಾಯವನ್ನು ಕೊಟ್ಟಿರಲಿಲ್ಲ. 1846ರ ಜುಲೈನಲ್ಲಿ, ಹೊಲಿಸಲು ಕೊಟ್ಟಿದ್ದ ಜೋಡನ್ನು ತರಲು ಊರಿಗೆ ಬಂದವನನ್ನು ಅಧಿಕಾರಿ ಸೆರೆಮನೆಗೆ ಕಳುಹಿಸಿದನು. ಆ ರಾತ್ರಿಯೇ ಯಾರೋ ಬಂಧುಗಳು ಹಣ ಕಟ್ಟಿಬಿಟ್ಟರು. ಬಿಡುಗಡೆ ಆತನಿಗೆ ಸಂತೋಷ ಕೊಡಲಿಲ್ಲ. ಮರುದಿನ ಜೋಡು ಪಡೆದು ಕಾಡಿನ ಹಣ್ಣು ಕೀಳಲು ಹೊರಟನು.

ಒಂದು ರಾತ್ರಿಯ ಸೆರೆವಾಸದಿಂದ ಆದುದೇನೆಂದು ಕೆಲವರು ನಗಬಹುದು. ಎಲ್ಲರೂ ಹೀಗೆ ತೆರಿಗೆ ನಿಲ್ಲಿಸಿದರೆ ರಾಜ್ಯ ಉಳಿದೀತೇ ಎಂಬ ಪ್ರಶ್ನೆಯೂ ಸಾಧುವಾದುದೇ. ಆದರೆ ಥೋರೋ ರಸ್ತೆಯ ತೆರಿಗೆಯನ್ನು ತಪ್ಪದೆ ಕೊಡುತ್ತಿದ್ದನೆಂಬುದನ್ನು ನಾವು ಮರೆಯಬಾರದು. ಆತನು ಹಣ ಉಳಿಸಲು ಕಾನೂನು ಮುರಿದವನಲ್ಲ. ಮುರಿದುದನ್ನು ಮರೆಮಾಚಲೂ ಇಲ್ಲ. ಸ್ವಾರ್ಥಕ್ಕಾಗಿ ಕಾನೂನು ಮುರಿಯುವವನು ಶಿಕ್ಷೆಗೆ ಹೆದರಿ ಅಡಗುತ್ತಾನೆ. ಅಂತಃಸಾಕ್ಷಿಗಾಗಿ ಮುರಿಯುವವನು ಶಿಕ್ಷೆಗೆ ತಾನೇ ತಲೆಯೊಡ್ಡುತ್ತಾನೆ. ಈ ಭೇದವೇ ಆತನ ಜೀವನದ ಸಾರವೆಂದು ನನ್ನ ಭಾವನೆ.

ಈ ವಿಚಾರವನ್ನು ಥೋರೋ 1848ರಲ್ಲಿ ಊರವರ ಮುಂದೆ ಉಪನ್ಯಾಸವಾಗಿ ಹೇಳಿ, 1849ರಲ್ಲಿ ಪ್ರಬಂಧವಾಗಿ ಪ್ರಕಟಿಸಿದನು. ಬರಿಯ ಮಾತಿನಲ್ಲಿ ನಿಲ್ಲದೆ, 1851ರಲ್ಲಿ ತಪ್ಪಿಸಿಕೊಂಡು ಬಂದ ಗುಲಾಮನೊಬ್ಬನನ್ನು ಕೆನಡಾದ ಕಡೆಗೆ ರೈಲು ಹತ್ತಿಸಿದನು. 1859ರಲ್ಲಿ, ಗುಲಾಮರ ವಿಮೋಚನೆಗಾಗಿ ಶಸ್ತ್ರ ಹಿಡಿದ ಜಾನ್ ಬ್ರೌನನ ಪರವಾಗಿಯೂ ಮಾತನಾಡಿದನು. ಆದುದರಿಂದ ಆತನನ್ನು ಪೂರ್ಣ ಅಹಿಂಸಾವಾದಿಯೆನ್ನಲಾಗದು. ಕ್ಷಯರೋಗದಿಂದ 1862ರ ಮೇ 6ರಂದು, 44ನೆಯ ವಯಸ್ಸಿನಲ್ಲಿ ತೀರಿಕೊಂಡನು. ಗುಲಾಮಗಿರಿ ಅಳಿದುದು 1865ರಲ್ಲಿ. ಅದನ್ನು ಕಾಣುವ ಭಾಗ್ಯ ಆತನಿಗಿರಲಿಲ್ಲ.

ಗಾಂಧೀಜಿಯವರು ದಕ್ಷಿಣ ಆಫ್ರಿಕದಲ್ಲಿ 1906ರಲ್ಲೇ ಹೋರಾಟ ಆರಂಭಿಸಿದ್ದರು. ಮರುವರ್ಷ ಥೋರೋನ ಪ್ರಬಂಧವನ್ನು ತಮ್ಮ ಪತ್ರಿಕೆಯಲ್ಲಿ ಪರಿಚಯಿಸಿದರು. ಥೋರೋ ಏಕಾಂಗಿಯಾಗಿ ಹಿಡಿದ ಹಾದಿಗೆ ಅಹಿಂಸೆಯ ಶಿಸ್ತನ್ನು ಕೂಡಿಸಿ ಜನಕೋಟಿಯನ್ನು ನಡೆಸಿದ ಕೀರ್ತಿ ಗಾಂಧೀಜಿಯವರದು.

ಸಹಪಾಠಿ ಮಿತ್ರರೇ, ಹತ್ತು ಜನ ಒಪ್ಪಿದರೆಂಬ ಕಾರಣಕ್ಕೆ ಅನ್ಯಾಯವು ನ್ಯಾಯವಾಗದು. ಆ ಹತ್ತು ಜನರ ನಡುವೆ ಒಲ್ಲೆನೆನ್ನುವ ಧೈರ್ಯ ನಮಗುಂಟೇ, ಅದರ ಬೆಲೆಯನ್ನು ನಾವೇ ತೆರಲು ಸಿದ್ಧರೇ ಎಂದು ಥೋರೋನ ಬಾಳು ನಮ್ಮನ್ನು ಕೇಳುತ್ತಿದೆ.