ಅಮೇಲಿಯಾ ಇಯರ್‌ಹಾರ್ಟ್ ಮತ್ತು ಲ್ಯೂಕ್ ಫೀಲ್ಡಿನ ಅಪಘಾತ

ಅಮೆರಿಕದ ವಿಮಾನಚಾಲಕಿ ಅಮೇಲಿಯಾ ಇಯರ್‌ಹಾರ್ಟರ ಹೆಸರನ್ನು ಕೇಳದ ವಾಚಕರು ವಿರಳ. ಆಕೆಯ ಕಣ್ಮರೆಯ ಸುತ್ತ ಹುಟ್ಟಿದ ಕಥೆಗಳಿಗಂತೂ ಲೆಕ್ಕವಿಲ್ಲ. ಆ ಅಂತ್ಯಕ್ಕೆ ಮೂರು ತಿಂಗಳು ಮೊದಲು ನಡೆದ ಅಪಘಾತವು ಮಾತ್ರ ತಕ್ಕಷ್ಟು ಗಮನವನ್ನು ಪಡೆದಿಲ್ಲವೆಂದು ನಮ್ಮ ಭಾವನೆ.

1897ನೆಯ ಇಸವಿ ಜುಲೈ 24ರಂದು ಕಾನ್ಸಾಸ್ ಸಂಸ್ಥಾನದ ಆಚಿಸನ್ ಪಟ್ಟಣದಲ್ಲಿ ಜನಿಸಿದ ಈಕೆ, ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಟೊರಾಂಟೊದಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿ, 1921ರಲ್ಲಿ ನೀಟಾ ಸ್ನೂಕ್ ಎಂಬ ಮಹಿಳೆಯಿಂದ ವಿಮಾನವಿದ್ಯೆಯನ್ನು ಕಲಿತರು. 1928ರಲ್ಲಿ ಕೇವಲ ಪ್ರಯಾಣಿಕರಾಗಿ ಅಟ್ಲಾಂಟಿಕ್ ಸಾಗರವನ್ನು ದಾಟಿ ಪಡೆದ ಕೀರ್ತಿಗೆ 1932ರಲ್ಲಿ ಒಬ್ಬರೇ ದಾಟಿ ಅರ್ಹರಾದರು.

1937ರ ಮಾರ್ಚಿಯಲ್ಲಿ ಭೂಪ್ರದಕ್ಷಿಣೆಗೆಂದು ಓಕ್‌ಲೆಂಡಿನಿಂದ ಪಶ್ಚಿಮಾಭಿಮುಖವಾಗಿ ಹೊರಟು ಹವಾಯಿಯನ್ನು ಸೇರಿದರು. ಮುಂದಿನ ಗುರಿ ಹೌಲೆಂಡ್ ದ್ವೀಪ. 20ನೆಯ ತಾರೀಖು ಬೆಳಿಗ್ಗೆ ಲ್ಯೂಕ್ ಫೀಲ್ಡಿನಲ್ಲಿ, 900 ಗ್ಯಾಲನ್ ಪೆಟ್ರೋಲನ್ನು ಹೊತ್ತ ಎರಡು ಎಂಜಿನುಗಳ ಲಾಕ್‌ಹೀಡ್ ಎಲೆಕ್ಟ್ರಾ ವಿಮಾನವು ಮೇಲೇರಲು ಓಡುತ್ತಿದ್ದಾಗ ಬಲಕ್ಕೆ ಎಳೆಯಿತು. ಅದನ್ನು ಸರಿಪಡಿಸಲು ಆಕೆ ಎಡ ಎಂಜಿನಿನ ವೇಗವನ್ನು ತಗ್ಗಿಸಿದರು. ಕೂಡಲೇ ಅದು ಎಡಕ್ಕೆ ಗಿರ್ರನೆ ತಿರುಗಿತು. ಅಡ್ಡಲಾಗಿ ಬಿದ್ದ ಒತ್ತಡವನ್ನು ತಾಳಲಾರದೆ ಗಾಲಿಗಳ ಕಾಲುಗಳು ಕುಸಿದವು. ವಿಮಾನವು ಹೊಟ್ಟೆಯ ಮೇಲೆ ಜಾರುತ್ತ ಹೋಯಿತು, ಪೆಟ್ರೋಲು ಚೆಲ್ಲಿತು. ಆಕೆ ಸಮಯಕ್ಕೆ ಸ್ವಿಚ್ಚುಗಳನ್ನು ಆರಿಸಿದುದರಿಂದಲೋ, ದೈವಕೃಪೆಯಿಂದಲೋ, ಬೆಂಕಿ ಹತ್ತಲಿಲ್ಲ; ಒಳಗಿದ್ದ ಮೂವರೂ ಉಳಿದರು.

ಸೈನ್ಯಾಧಿಕಾರಿಗಳ ಮಂಡಲಿಯು ವಿಚಾರಣೆ ನಡೆಸಿತು. ಟಯರು ಒಡೆಯಿತೆಂದು ಕೆಲವು ಪ್ರತ್ಯಕ್ಷದರ್ಶಿಗಳು ಹೇಳಿದರು. ಆಕೆಯಾದರೋ ನೆಲದ ಮೇಲಿನ ಗುರುತುಗಳನ್ನು ನೋಡಿ, ಬಲಗಾಲಿಯ ಆಘಾತವನ್ನು ತಡೆಯುವ ಭಾಗವೇ ಮೊದಲು ಸೋತಿರಬಹುದೆಂದು ಶಂಕಿಸಿದರು. ಆಕೆಯ ಸಲಹೆಗಾರರಾದ ಪಾಲ್ ಮ್ಯಾಂಟ್ಸರು ಎಂಜಿನುಗಳನ್ನು ನಡೆಸಿದ ರೀತಿಯನ್ನೇ ದೂರಿದರು. ಮಂಡಲಿಯು ಹಿಡಿತ ತಪ್ಪಿ ತಿರುಗಿದುದರಿಂದ ಗಾಲಿಗಳು ಮುರಿದುವೆಂದು ನಿರ್ಣಯಿಸಿ, ತಿರುಗಿದುದೇಕೆಂಬುದಕ್ಕೆ ಸಾಕಷ್ಟು ಸಾಕ್ಷ್ಯವಿಲ್ಲವೆಂದು ಬರೆಯಿತು. ಯಾರ ಮೇಲಾದರೂ ತಪ್ಪು ಹೊರಿಸಿ ಕಡತವನ್ನು ಮುಚ್ಚುವುದು ಸುಲಭವಾಗಿತ್ತು. ಹಾಗೆ ಮಾಡದಿದ್ದುದನ್ನು ನಾವು ಮೆಚ್ಚುತ್ತೇವೆ.

ವಿಮಾನವನ್ನು ಹಡಗಿನಲ್ಲಿ ಕ್ಯಾಲಿಫೋರ್ನಿಯಕ್ಕೆ ಸಾಗಿಸಿ ದುರಸ್ತಿ ಮಾಡುವಷ್ಟರಲ್ಲಿ ಋತುವೇ ಬದಲಾಗಿತ್ತು. ಆದುದರಿಂದ ಮಾರ್ಗವು ತಿರುಗುಮುರುಗಾಯಿತು. ರೇಡಿಯೋ ವಿದ್ಯೆಯನ್ನು ಬಲ್ಲ ಹ್ಯಾರಿ ಮ್ಯಾನಿಂಗರು ರಜೆ ತೀರಿ ಹಿಂದಿರುಗಿದರು. ಫ್ರೆಡ್ ನೂನನ್ ಒಬ್ಬರೇ ಜೊತೆಗುಳಿದರು. ಪೂರ್ವಾಭಿಮುಖವಾಗಿ ಹೊರಟವರು ಜೂನಿನಲ್ಲಿ ಕರಾಚಿ, ಕಲ್ಕತ್ತೆಗಳಲ್ಲಿ ಇಳಿದು, ಮುಂಗಾರಿನ ಮಳೆಯನ್ನು ಭೇದಿಸಿಕೊಂಡು ಮುನ್ನಡೆದರು. ಆರಂಭದಲ್ಲಿಯೇ ಮುಗಿಯಬೇಕಾಗಿದ್ದ ಹೌಲೆಂಡ್ ಈಗ, ಸುಮಾರು 22,000 ಮೈಲಿ ಹಾರಿ ದಣಿದ ಮೇಲೆ, ಎದುರಿಗೆ ಬಂತು. ಎರಡು ಮೈಲಿ ಉದ್ದವೂ ಇಲ್ಲದ ಆ ದ್ವೀಪದ ಬಳಿ ಜುಲೈ 2ರಂದು ಕಾದಿದ್ದ ಇಟಾಸ್ಕಾ ಹಡಗಿನವರಿಗೆ ಆಕೆಯ ಧ್ವನಿಯು ರೇಡಿಯೋದಲ್ಲಿ ಕೇಳಿಸಿತು. ವಿಮಾನವು ಮಾತ್ರ ಕಾಣಿಸಲಿಲ್ಲ.