ಲ್ಯಾಂಬ್ಟನ್ ದೊರೆಯವರ ಚರಿತ್ರೆ

ಹೊಲದ ಎಲ್ಲೆಯನ್ನು ಸರಪಳಿಯಿಂದ ಅಳೆಯುವುದನ್ನು ನೀವು ಕಂಡಿದ್ದೀರಷ್ಟೆ. ದೇಶವನ್ನೇ ಹಾಗೆ ಅಳೆಯಲು ಆರಂಭಿಸಿದವರು ವಿಲಿಯಂ ಲ್ಯಾಂಬ್ಟನ್ ಎಂಬ ದೊರೆಯವರು.

ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ಹುಟ್ಟಿದ ಇವರು 1781ರಲ್ಲಿ ದಂಡಿಗೆ ಸೇರಿ, ಅಮೆರಿಕದ ಯುದ್ಧದಲ್ಲಿ ಸೆರೆಸಿಕ್ಕಿದರು. ಆಮೇಲೆ ಆ ಖಂಡದಲ್ಲೇ ಕಳೆದ ವರ್ಷಗಳಲ್ಲಿ ಗಣಿತವನ್ನು ಶ್ರದ್ಧೆಯಿಂದ ಅಭ್ಯಾಸಮಾಡಿದರು. ಆ ವಿದ್ಯೆಯು ವ್ಯರ್ಥವಾಗಲಿಲ್ಲ. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಒಂದು ರಾತ್ರಿ ದಂಡು ದಿಕ್ಕುತಪ್ಪಿ ಶತ್ರುಗಳ ಕಡೆಗೇ ನಡೆಯುತ್ತಿರಲು, ಇವರು ನಕ್ಷತ್ರಗಳನ್ನು ನೋಡಿ ತಿಳಿದು ಸೇನಾಧಿಪತಿಯನ್ನು ಎಚ್ಚರಿಸಿದರು.

1800ರಲ್ಲಿ, ನಮ್ಮ ಹೊಸಕೋಟೆಗೆ ಪಡುವಲಲ್ಲಿರುವ ಬೆಂಗಳೂರಿನ ಬಳಿ, ಏಳು ಮೈಲಿಗೂ ಹೆಚ್ಚಾದ ಒಂದು ಗೆರೆಯನ್ನು ಉಕ್ಕಿನ ಸರಪಳಿಯಿಂದ ಅಳೆದರು. ತ್ರಿಕೋನದ ಒಂದು ಭುಜವೂ ಕೋನಗಳೂ ತಿಳಿದರೆ ಉಳಿದ ಭುಜಗಳು ಲೆಕ್ಕದಿಂದಲೇ ದೊರಕುವವು. ಹೀಗೆ ತ್ರಿಕೋನಕ್ಕೆ ತ್ರಿಕೋನವನ್ನು ಜೋಡಿಸುತ್ತಾ, 1802ರಿಂದ ಮದ್ರಾಸಿನ ಕಡೆಯಿಂದ ಅಳೆಯುತ್ತಾ ಬಂದರು.

1808ರಲ್ಲಿ ತಂಜಾವೂರಿನ ಗುಡಿಯ ಗೋಪುರಕ್ಕೆ ಏರಿಸುವಾಗ, ಅರ್ಧ ಟನ್ ತೂಕದ ಕೋನ ಅಳೆಯುವ ಯಂತ್ರವು ಗೋಡೆಗೆ ಬಡಿದು ಡೊಂಕಾಯಿತು. ದೊರೆಯವರು ಎದೆಗುಂದದೆ, ಸುಮಾರು ಆರು ವಾರ ಡೇರೆಯೊಳಗೆ ಕುಳಿತು ತಾವೇ ಅದನ್ನು ಸರಿಪಡಿಸಿದರು.

1823ರ ಜನವರಿ 20ರಂದು, ಸುಮಾರು ಎಪ್ಪತ್ತರ ವಯಸ್ಸಿನಲ್ಲಿ, ಹಿಂಗಣಘಾಟಿನಲ್ಲಿ ಅಳತೆಯ ಕೆಲಸದಲ್ಲಿರುವಾಗಲೇ ತೀರಿಕೊಂಡರು. ಅದನ್ನು ಹಿಮಾಲಯದ ತಪ್ಪಲಿನವರೆಗೆ ಮುಟ್ಟಿಸಿದವರು ಅವರ ತರುವಾಯದ ಎವರೆಸ್ಟ್ ದೊರೆಯವರು. ತಾವು ಮುಗಿಸಲಾರದ ಕೆಲಸವನ್ನೂ ತಪ್ಪಿಲ್ಲದಂತೆ ಮಾಡಬೇಕೆಂಬುದೇ ಈ ಚರಿತ್ರೆಯಿಂದ ನಾವು ಕಲಿಯತಕ್ಕದ್ದು.