ಯೋಗಾಚಾರ್ಯ ತಿರುಮಲೈ ಕೃಷ್ಣಮಾಚಾರ್ಯರು

ನನ್ನ ತಾಯಿ ಮಾನ್ವಿ ತಾಲ್ಲೂಕಿನ ಗದ್ದೆಗಳಲ್ಲಿ ಭತ್ತದ ಸಸಿ ನೆಡುವವಳು. ಹತ್ತಿಯ ಕಾಲದಲ್ಲಿ ದೇವದುರ್ಗದ ಕಡೆಗೂ ಕೂಲಿಗೆ ಹೋಗುವವಳು. ದಿನವೆಲ್ಲ ಬಾಗಿದ ಅವಳ ಬೆನ್ನು ಸಂಜೆಗೆ ನೆಟ್ಟಗಾಗದು. ರಾಯಚೂರಿನಲ್ಲಿ ಪುಸ್ತಕದ ಮೇಲೆ ಬಾಗಿ ಕುಳಿತು ನನಗೂ ಅದೇ ನೋವು ಬಂದಾಗ, ಪರಿಹಾರವನ್ನು ಹುಡುಕುತ್ತ ಹೋಗಿ ಈ ಮಹನೀಯರ ಜೀವನವನ್ನು ಅರಿತೆನು.

ಕೃಷ್ಣಮಾಚಾರ್ಯರು 1888 ರಲ್ಲಿ ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. ಮೈಸೂರು ಮತ್ತು ಕಾಶಿಗಳಲ್ಲಿ ಶಾಸ್ತ್ರಾಧ್ಯಯನ ಮಾಡಿದರು. ಹಿಮಾಲಯದ ಆಚೆ ರಾಮಮೋಹನ ಬ್ರಹ್ಮಚಾರಿಗಳ ಬಳಿ ಏಳು ವರ್ಷಕ್ಕೂ ಮಿಕ್ಕಿ ಯೋಗ ಕಲಿತುದಾಗಿ ಅವರು ಹೇಳುತ್ತಿದ್ದರು. ಇಷ್ಟು ವಿದ್ಯೆಯಿದ್ದೂ ಹೊಟ್ಟೆಪಾಡಿಗೆ ಹಾಸನದ ಕಡೆಯ ಕಾಫಿ ತೋಟದಲ್ಲಿ ಮೇಲ್ವಿಚಾರಕರಾಗಿ ದುಡಿದರು.

ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಿಂದ 1933 ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಅವರ ಯೋಗಶಾಲೆ ಆರಂಭವಾಯಿತು. 1934 ರಲ್ಲಿ ಕನ್ನಡದಲ್ಲಿಯೇ ‘ಯೋಗ ಮಕರಂದ’ವನ್ನು ಬರೆದರು. ಮುಂದೆ ಲೋಕಪ್ರಸಿದ್ಧರಾದ ಬೆಳ್ಳೂರಿನ ಬಿ. ಕೆ. ಎಸ್. ಅಯ್ಯಂಗಾರರೂ ಕೌಶಿಕದ ಪಟ್ಟಾಭಿ ಜೋಯಿಸರೂ ಅವರ ಶಿಷ್ಯರು. ಅಲ್ಲಿ ಎಳೆಯ ಹುಡುಗರಿಗೆ ಕಠಿಣ ಆಸನಗಳನ್ನು ಕಲಿಸುತ್ತಿದ್ದರು.

ನಾನು ತಪ್ಪಿದ್ದು ಇಲ್ಲಿಯೇ. ಆ ಹುಡುಗರ ಚಿತ್ರಗಳನ್ನು ನೋಡಿ, ಬೆನ್ನನ್ನು ಹಿಂದಕ್ಕೆ ಬಗ್ಗಿಸುವ ಆಸನವನ್ನು ತಾಯಿಯಿಂದ ಮಾಡಿಸಿದೆನು. ನೋವು ಹೆಚ್ಚಾಗಿ ಅವಳಿಗೆ ಎರಡು ದಿನದ ಕೂಲಿ ತಪ್ಪಿತು. ಅವಳು ನನ್ನನ್ನು ಬೈಯಲಿಲ್ಲ. ಅದೇ ನನಗೆ ಹೆಚ್ಚು ನೋವಾಯಿತು.

ಆಚಾರ್ಯರ ಜೀವನದ ಉತ್ತರಾರ್ಧವನ್ನು ಆಗ ಓದಿದೆನು. 1940 ರಲ್ಲಿ ಮಹಾರಾಜರು ತೀರಿಕೊಂಡರು. 1950 ರಲ್ಲಿ ಯೋಗಶಾಲೆ ಮುಚ್ಚಿತು. ಅರವತ್ತು ದಾಟಿದ ಅವರು ಮದರಾಸಿಗೆ ಹೋಗಿ ಮತ್ತೆ ಮೊದಲಿನಿಂದ ಆರಂಭಿಸಿದರು. ಅಲ್ಲಿ ರೋಗಿಗಳನ್ನೂ ವೃದ್ಧರನ್ನೂ ಒಬ್ಬೊಬ್ಬರನ್ನಾಗಿ ಪರೀಕ್ಷಿಸಿ, ಅವರವರ ವಯಸ್ಸು ಶಕ್ತಿಗಳಿಗೆ ತಕ್ಕ ಅಭ್ಯಾಸ ಹೇಳಿಕೊಟ್ಟರು. ತೊಂಬತ್ತಾರರಲ್ಲಿ ಸೊಂಟದ ಮೂಳೆ ಮುರಿದಾಗ ಶಸ್ತ್ರಚಿಕಿತ್ಸೆಯನ್ನು ಒಲ್ಲದೆ, ಹಾಸಿಗೆಯಲ್ಲಿಯೇ ಮಾಡಬಹುದಾದ ಅಭ್ಯಾಸವನ್ನು ತಮಗಾಗಿ ರೂಪಿಸಿಕೊಂಡರು. 1989 ರಲ್ಲಿ, ನೂರು ತುಂಬಿದ ಮೇಲೆ, ಕಾಲವಾದರು.

ಪಕ್ಕೆಲುಬುಗಳು ಕೂಡಿದ ಮೇಲ್ಬೆನ್ನಿನ 12 ಮಣಿಗಳು ಹೊರಳಬಲ್ಲವು. ಸೊಂಟದ 5 ಮಣಿಗಳು ಭಾರ ಹೊರುವಂಥವು, ಹೊರಳುವುದು ಅಲ್ಪ. ಮೇಲ್ಬೆನ್ನು ಬಿಗಿದುಕೊಂಡರೆ ಅದರ ಕೆಲಸವೂ ಸೊಂಟದ ಮೇಲೆಯೇ ಬೀಳುತ್ತದೆ. ಆದುದರಿಂದ ಮೇಲಿನದು ಸಡಿಲಬೇಕು, ಕೆಳಗಿನದು ಸ್ಥಿರವಾಗಬೇಕು. ಈಗ ತಾಯಿ ಅಂಗೈ, ಮಂಡಿಗಳನ್ನು ಊರಿ, ಒಂದು ಕೈಯನ್ನು ಹೆಡಕಿನ ಮೇಲಿಟ್ಟು, ಸೊಂಟ ಅಲುಗದಂತೆ ಮೊಣಕೈಯನ್ನು ಮೆಲ್ಲಗೆ ಮೇಲಕ್ಕೆ ತಿರುಗಿಸುತ್ತಾಳೆ. ಬಳಿಕ ಒಂದು ಕೈಯನ್ನೂ ಅದರ ಎದುರುಬದಿಯ ಕಾಲನ್ನೂ ನೀಳವಾಗಿ ಚಾಚಿ ನಾಲ್ಕು ಉಸಿರು ನಿಲ್ಲುತ್ತಾಳೆ. ನೋವು ಬಂದರೆ ಬಿಡುತ್ತಾಳೆ. ಇದು ಆಚಾರ್ಯರ ಪಾಠವಲ್ಲ; ಆದರೆ ಆಳನ್ನು ನೋಡಿ ಅಭ್ಯಾಸವೆಂಬ ಅವರ ನೀತಿಯನ್ನು ಅನುಸರಿಸಿದ್ದು.

ನೋವು ಪೂರ್ಣ ಹೋಗಿಲ್ಲ. ಗದ್ದೆಯ ಕೆಲಸ ನಿಂತಿಲ್ಲವಲ್ಲ! ಆದರೆ ಕಳೆದ ಸಲ ನಾನು ಊರಿಗೆ ಹೋದಾಗ, ನನ್ನ ಚೀಲವನ್ನು ಇಸಿದುಕೊಳ್ಳಲು ಅವಳು ಬಾಗಿಲಲ್ಲಿ ನೆಟ್ಟಗೆ ನಿಂತಿದ್ದಳು.